ಬಿಯಾಸ್ ಕಣಿವೆಯ ಆಟದ ಪಂಚಾಂಗ

ಮುಳ್ಳಯ್ಯನಗಿರಿಯ ನೆತ್ತಿ ಏರಿದ ಮೇಲೆ ಕರ್ನಾಟಕದಲ್ಲಿ ಇನ್ನೂ ಮೇಲೆ ಹೋಗಲು ಜಾಗವಿಲ್ಲ. ಅದರ ಎತ್ತರ 1,930 ಮೀಟರ್. ಹಿಮಾಚಲದ ಮನಾಲಿಯ ಮಾಲ್ ರೋಡಿನಲ್ಲಿ ಕೈ ಉಜ್ಜಿಕೊಳ್ಳುತ್ತ ಮೊಮೊ ತಟ್ಟೆಗೆ ಕಾದು ನಿಂತವರು ಅದಕ್ಕಿಂತ ನೂರು ಮೀಟರಿಗೂ ಹೆಚ್ಚು ಮೇಲಿರುತ್ತಾರೆ. ಆದರೆ ಅಲ್ಲಿನವರ ಪಾಲಿಗೆ ಅದು ಕಣಿವೆಯ ತಳ. ಬೆಟ್ಟಗಳು ಶುರುವಾಗುವುದೇ ಅಲ್ಲಿಂದ. ತಲೆ ಎತ್ತಿದರೆ ದೇವ್ ಟಿಬ್ಬಾ 6,001 ಮೀಟರ್, ಅದರ ಬೆನ್ನಿಗೆ ಇಂದ್ರಾಸನ್ 6,221 ಮೀಟರ್.

ದೆಹಲಿಯಿಂದ ರಾತ್ರಿ ವೋಲ್ವೊ ಹತ್ತುವ ಬಹುಪಾಲು ಪ್ರವಾಸಿಗರಿಗೆ ಈ ಲೆಕ್ಕ ಬೇಕಿಲ್ಲ. ಬೆಳಗ್ಗೆ ಇಳಿದು ಮಧ್ಯಾಹ್ನ ಸೋಲಂಗ್, ಮಾರನೇ ದಿನ ಅಟಲ್ ಸುರಂಗ, ಮೂರನೇ ದಿನ ಮಣಿಕರಣ್. ನಡುವೆ ಬಾಡಿಗೆ ಕೋಟು, ಗಮ್‌ಬೂಟು, ಯಾಕ್ ಮೇಲೆ ಕೂತ ಫೋಟೊ. ಅಲ್ಲಿಗೆ ಪ್ಯಾಕೇಜ್ ಮುಗಿಯಿತು. ಇದರಲ್ಲಿ ತಪ್ಪೇನೂ ಇಲ್ಲ, ಮಕ್ಕಳಿಗೆ ಖುಷಿಯೇ. ಆದರೆ ರಜೆಯ ಅರ್ಧ ಪಾಲು ಟ್ರಾಫಿಕ್ಕಿನಲ್ಲಿ ಕಳೆದುಹೋಗುತ್ತದೆ. ಕುಲ್ಲು ಕಣಿವೆಗೆ ತನ್ನದೇ ಒಂದು ಪಂಚಾಂಗವಿದೆ. ನದಿಗಿಳಿಯಲು ಒಂದು ಕಾಲ, ಗಾಳ ಹಾಕಲು ಒಂದು, ಕಣಿವೆದಾರಿ ದಾಟಲು ಇನ್ನೊಂದು. ಕೆಲವು ತಿಂಗಳು ಆಟವೇ ನಿಷಿದ್ಧ. ಆ ಪಂಚಾಂಗ ನೋಡಿ ಹೊರಟವರಿಗೆ ಸಿಗುವ ಕಣಿವೆಯೇ ಬೇರೆ.

ಭೂಗೋಳ ಹೀಗಿದೆ. ರೋಹ್ತಾಂಗ್ ಕಡೆಯಿಂದ ಇಳಿಯುವ ಬಿಯಾಸ್ ನದಿ ಮನಾಲಿ, ಕುಲ್ಲು ದಾಟಿ ಲಾರ್ಜಿ ತನಕ ಸುಮಾರು 80 ಕಿಲೋಮೀಟರ್ ದಕ್ಷಿಣಕ್ಕೆ ಹರಿಯುತ್ತದೆ. ಭುಂತರ್‌ನಲ್ಲಿ ಎಡದಿಂದ ಪಾರ್ವತಿ ನದಿ ಬಂದು ಸೇರುತ್ತದೆ. ಲಾರ್ಜಿಯಲ್ಲಿ ಸೈಂಜ್ ಮತ್ತು ತೀರ್ಥನ್. ಒಂದೊಂದು ಉಪನದಿಯದೂ ಒಂದೊಂದು ಕಣಿವೆ, ಒಂದೊಂದು ಸ್ವಭಾವ. ಮನಾಲಿಯ ಹೋಟೆಲು ಬಿಟ್ಟು ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು ಅಲ್ಲೇ ಒಂದು ವಾರ ಉಳಿಯುವುದು ಜಾಣತನ.

ವರ್ಷದ ಆಟ ಶುರುವಾಗುವುದು ಏಪ್ರಿಲಿನಲ್ಲಿ, ಸೇಬಿನ ತೋಟಗಳು ಬಿಳಿ-ಗುಲಾಬಿ ಹೂವಿನಿಂದ ತುಂಬುವಾಗ. ಈ ಸೇಬು ಇಲ್ಲಿಯ ಮೂಲ ಬೆಳೆಯಲ್ಲ. 1870ರ ಸುಮಾರಿಗೆ ಕ್ಯಾಪ್ಟನ್ ಲೀ ಎಂಬ ಬ್ರಿಟಿಷ್ ಅಧಿಕಾರಿ ಕುಲ್ಲು ಬಳಿಯ ಬಂದ್ರೋಲ್‌ನಲ್ಲಿ ತೋಟ ಹಾಕಿದ. ಈಗ ಕಣಿವೆಯ ಮನೆಮನೆಯ ಲೆಕ್ಕಪತ್ರವೂ ಸೇಬಿನದೇ. ಹೂವಿನ ಹೊತ್ತಿಗೆ ಮೇಲಿನ ಹಿಮ ಕರಗತೊಡಗಿ ನದಿಗೆ ನೀರು ಬರುತ್ತದೆ. ಪಿರ್ಡಿಯ ದಂಡೆಯಲ್ಲಿ ರಬ್ಬರ್ ದೋಣಿಗಳಿಗೆ ಪಂಪಿನಿಂದ ಗಾಳಿ ತುಂಬುವ ಕೆಲಸವೂ ಆಗಲೇ ಶುರು.

ಪಿರ್ಡಿಯಿಂದ ಝೀರಿವರೆಗೆ 14 ಕಿಲೋಮೀಟರ್. ಕುಲ್ಲು ರಾಫ್ಟಿಂಗಿನ ಖಾಯಂ ದಾರಿ ಇದು. ದಾಂಡೇಲಿಯ ಕಾಳಿಯಲ್ಲಿ ತೆಪ್ಪ ಹತ್ತಿ ಅಭ್ಯಾಸವಾದ ಕನ್ನಡಿಗರು ಇಲ್ಲಿ ಮೊದಲು ಬೆಚ್ಚುವುದು ಅಲೆ ಕಂಡಲ್ಲ, ನೀರು ತಾಗಿ. ಕಾಳಿಯ ರಾಫ್ಟಿಂಗ್ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ನಂಬಿದ್ದು. ಅಲ್ಲಿ ಒದ್ದೆಯಾದರೆ ಹಿತ. ಬಿಯಾಸ್‌ನಲ್ಲಿ ಬರುವುದು ಹಿಮ ಕರಗಿದ ನೀರು. ಮೊದಲ ಅಲೆ ಮುಖಕ್ಕೆ ಹೊಡೆದಾಗ ಉಸಿರು ಒಂದು ಕ್ಷಣ ಗಂಟಲಲ್ಲೇ ನಿಲ್ಲುತ್ತದೆ. ಹಿಂದೆ ಕೂತ ಗೈಡ್ 'ಫಾರ್ವರ್ಡ್, ಫಾರ್ವರ್ಡ್' ಎಂದು ಕೂಗುತ್ತಿರುತ್ತಾನೆ. ಹುಟ್ಟು ಹಿಡಿದ ಬೆರಳುಗಳು ಮರಗಟ್ಟಿ ಮಾತು ಕೇಳುವುದಿಲ್ಲ.

ಹೊರಡುವ ಮುನ್ನ ದಂಡೆಯ ಮೇಲೆ ಹತ್ತು ನಿಮಿಷದ ಪಾಠ ಇರುತ್ತದೆ, ಇರಲೇಬೇಕು. ನೀರಿಗೆ ಬಿದ್ದರೆ ಈಜಲು ಹೋಗಬಾರದು. ಬೆನ್ನ ಮೇಲೆ ಮಲಗಿ, ಕಾಲನ್ನು ಹರಿವಿನ ದಿಕ್ಕಿಗೆ ಚಾಚಿ, ಪಾದ ನೀರಿನ ಮೇಲಿರುವಂತೆ ತೇಲಬೇಕು. ಆಗ ಬಂಡೆ ಎದುರಾದರೆ ಒದೆ ತಿನ್ನುವುದು ಬೂಟು, ತಲೆ ಉಳಿಯುತ್ತದೆ. ನಡುನೀರಲ್ಲಿ ಎದ್ದು ನಿಲ್ಲಲು ಹೋದರೆ ಕಾಲು ಕಲ್ಲುಗಳ ಸಂದಿನಲ್ಲಿ ಸಿಕ್ಕಿ, ಹರಿವು ಆಳನ್ನು ಮುಗುಚಿಬಿಡುತ್ತದೆ. ಈ ಪಾಠವನ್ನೇ ನುಂಗಿ ಹಾಕಿ ನೇರ ದೋಣಿ ಹತ್ತಿಸುವ ನಿರ್ವಾಹಕ ಸಿಕ್ಕರೆ ದುಡ್ಡು ವಾಪಸ್ ಕೇಳಿ ಬೇರೆಯವರತ್ತ ನಡೆಯುವುದು ಒಳ್ಳೆಯದು.

ಬಿಯಾಸ್ ಜೊತೆ ಸಲಿಗೆ ಸಲ್ಲದು ಎಂಬುದಕ್ಕೆ ಪುರಾವೆ ದೂರದಲ್ಲಿಲ್ಲ. 2014ರ ಜೂನ್ 8ರಂದು ಕಣಿವೆಯ ಕೆಳತುದಿಯ ಥಲೌಟ್ ಬಳಿ ನದಿಯ ಕಲ್ಲುಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಆ ಮಕ್ಕಳು ಯಾವ ಸಾಹಸಕ್ಕೂ ಇಳಿದವರಲ್ಲ, ದಂಡೆಯಲ್ಲಿದ್ದವರು. 2023ರ ಜುಲೈ 9 ಮತ್ತು 10ರಂದು ಇದೇ ನದಿ ಕುಲ್ಲು–ಮನಾಲಿ ಹೆದ್ದಾರಿಯನ್ನು ತುಂಡು ತುಂಡು ಮಾಡಿ, ದಂಡೆಯ ಕಟ್ಟಡಗಳನ್ನು ಎಳೆದುಕೊಂಡು ಹೋಯಿತು. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ರಾಫ್ಟಿಂಗ್, ಪ್ಯಾರಾಗ್ಲೈಡಿಂಗ್ ಎರಡಕ್ಕೂ ಸರ್ಕಾರವೇ ಬಾಗಿಲು ಹಾಕುತ್ತದೆ. ಆ ಎರಡು ತಿಂಗಳಲ್ಲಿ 'ನಮ್ಮದು ಸೇಫ್ ಜಾಗ, ಬನ್ನಿ' ಎಂದು ಕರೆಯುವವರು ಸಿಗುತ್ತಾರೆ. ಹೋಗಬಾರದು, ಅಷ್ಟೇ.

ಮೇ ತಿಂಗಳಲ್ಲಿ ಗದ್ದಲ ಪಾರ್ವತಿ ಕಣಿವೆಯ ಕಸೋಲ್‌ಗೆ ಸಾಗುತ್ತದೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ನಡೆಸುವ ಸಾರ್ ಪಾಸ್ ಚಾರಣದ ಬೇಸ್ ಕ್ಯಾಂಪ್ ಇರುವುದು ಇಲ್ಲೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಚಾರಣಿಗರ ಹಿಮಾಲಯದ ಅಕ್ಷರಾಭ್ಯಾಸ ಆಗಿದ್ದು ಈ ದಾರಿಯಲ್ಲಿ. ಖರ್ಚು ಕಡಿಮೆ, ಶಿಸ್ತು ಜಾಸ್ತಿ. ನಸುಕಿಗೇ ಏಳಬೇಕು, ಸ್ವಂತ ತಟ್ಟೆ ಲೋಟ ತಾವೇ ತೊಳೆಯಬೇಕು, ಊಟವಾದ ಮೇಲೆ ಬೋರ್ನ್‌ವೀಟಾ ಕುಡಿಯಬೇಕು. ಸಂಜೆಗೆ 'ಕ್ಯಾಂಪ್‌ಫೈರ್' ಇರುತ್ತದೆ, ಬೆಂಕಿ ಮಾತ್ರ ಇರುವುದಿಲ್ಲ. ಕಾಡಿನ ಕಟ್ಟಿಗೆ ಉರಿಸಬಾರದೆಂದು ದೀಪದ ಸುತ್ತಲೇ ಹಾಡು, ಅಂತ್ಯಾಕ್ಷರಿ, ಏಕಪಾತ್ರಾಭಿನಯ.

ಗ್ರಹಣ್ ಹಳ್ಳಿ ದಾಟಿ, ದೇವದಾರು ಕಾಡಿನಲ್ಲಿ ಏರುತ್ತ ಏರುತ್ತ ಮರಗಳು ಮುಗಿದು ಹುಲ್ಲುಗಾವಲು ಬರುತ್ತದೆ. ಇಲ್ಲಿಯವರು ಅದಕ್ಕೆ 'ಥಾಚ್' ಎನ್ನುತ್ತಾರೆ. ಮಿನ್ ಥಾಚ್, ಬಿಸ್ಕೇರಿ ಥಾಚ್ ಎಂಬ ಹೆಸರುಗಳು ಈಗ ಚಾರಣದ ಕರಪತ್ರಗಳಲ್ಲಿ ರಾರಾಜಿಸಿದರೂ ಈ ಹುಲ್ಲುಗಾವಲುಗಳ ನಿಜವಾದ ಬಳಕೆದಾರರು ಕುರಿಗಾಹಿಗಳು. ಬೇಸಿಗೆಗೆ ಮಂದೆ ಹೊಡೆದುಕೊಂಡು ಮೇಲೆ ಬಂದು, ಚಳಿ ಬಿದ್ದಾಗ ಕೆಳಗಿಳಿಯುವ ಗದ್ದಿಗಳು ತುಳಿದು ಮಾಡಿದ ಕಾಲುದಾರಿಗಳನ್ನೇ ಇಂದು ಕಂಪನಿಗಳು ದಿನಕ್ಕಿಷ್ಟು ಎಂದು ಮಾರುತ್ತಿವೆ. ಚಾರಣದ ಜಾಹೀರಾತಿನಲ್ಲಿ ಅವರಿಗೊಂದು ಸಾಲಿನ ಜಾಗವೂ ಇರುವುದಿಲ್ಲ.

ಸಾರ್ ಪಾಸ್ ಇರುವುದು ಸುಮಾರು 4,200 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಹತ್ತುವ ದಿನ ನಸುಗತ್ತಲಲ್ಲೇ ಹೊರಡಿಸುತ್ತಾರೆ. ರಾತ್ರಿಯ ಚಳಿಗೆ ಗಟ್ಟಿಯಾದ ಹಿಮದ ಮೇಲೆ ಬೂಟು ನಿಲ್ಲುತ್ತದೆ. ಬಿಸಿಲೇರಿದರೆ ಅದೇ ಹಿಮದಲ್ಲಿ ಮೊಣಕಾಲವರೆಗೆ ಹೂತುಹೋಗುವುದು ಖಚಿತ. ಗೈಡ್ ಮುಂದೆ ನಡೆದು ಹಿಮವನ್ನು ಒದ್ದು ಮೆಟ್ಟಿಲು ಮಾಡಿದರೆ, ಹಿಂದಿನವರು ಅದೇ ಗುಳಿಯಲ್ಲಿ ಹೆಜ್ಜೆ ಇಡುತ್ತ ಇರುವೆ ಸಾಲಿನಂತೆ ಏರುತ್ತಾರೆ. ಆಚೆ ಬದಿಗೆ ಇಳಿಯಲು ನಡೆಯಬೇಕಿಲ್ಲ. ಕೋಲನ್ನು ಎದೆಗವಚಿ, ಕಾಲು ಚಾಚಿ ಕೂತರೆ ಹಿಮದ ಇಳಿಜಾರೇ ಹೊತ್ತುಕೊಂಡು ಹೋಗುತ್ತದೆ. ಐವತ್ತು ದಾಟಿದ ಬ್ಯಾಂಕ್ ಮ್ಯಾನೇಜರುಗಳು ಶಾಲೆ ಹುಡುಗರ ಹಾಗೆ ಕಿರುಚುತ್ತ ಜಾರುವುದನ್ನು ನೋಡಲೆಂದೇ ಆ ಪಾಸಿಗೆ ಹೋಗಬಹುದು. ಪ್ಯಾಂಟಿನ ಹಿಂಭಾಗದ ಗತಿ ಮಾತ್ರ ದೇವರೇ ಬಲ್ಲ.

ಜೂನ್ ಮಧ್ಯದ ನಂತರ ಹಮ್ತಾ ಪಾಸಿನ ಸರದಿ. ಎತ್ತರ 4,270 ಮೀಟರ್. ಮನಾಲಿ ಬಳಿಯ ಜೋಬ್ರಾದಿಂದ ನಡಿಗೆ ಶುರು. ಚಿಕಾ, ಬಾಲು ಕಾ ಘೇರಾ ಎಂದು ರಾತ್ರಿಗೊಂದು ಬಿಡಾರ. ಈ ದಾರಿಯ ಸೊಗಸು ಪಾಸಿನ ನೆತ್ತಿಯಲ್ಲಿ ಒಮ್ಮೆಲೇ ಅರಿವಾಗುತ್ತದೆ. ಹಿಂದೆ ತಿರುಗಿದರೆ ಹಸಿರು ಹುಲ್ಲು, ಭೂರ್ಜ ಮರ, ಹೂವು, ಮಂಜು. ಮುಂದೆ ಲಾಹೌಲ್‌ನ ಬೋಳು ಕಂದು ಪರ್ವತ, ಗರಿಕೆಯೂ ಇಲ್ಲ. ಮುಂಗಾರಿನ ಮೋಡಗಳು ಪೀರ್ ಪಂಜಾಲ್ ಸಾಲಿಗೆ ತಾಗಿ ಕುಲ್ಲು ಬದಿಗೇ ಮಳೆ ಸುರಿಸಿ ಬರಿದಾಗುವುದರಿಂದ ಹೀಗೆ. ಆಗುಂಬೆಯಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಹೋಗುವಾಗ ಅರ್ಧ ದಿನದಲ್ಲಿ ನಿಧಾನವಾಗಿ ಆಗುವ ಬದಲಾವಣೆ ಇಲ್ಲಿ ಒಂದು ಏಣಿನ ಎರಡು ಬದಿಗಿದೆ.

ಆಚೆ ಇಳಿದರೆ ಶಿಯಾ ಗೋರು ಬಿಡಾರ. ಮಾರನೇ ಬೆಳಗ್ಗೆ ಅಲ್ಲಿಯ ಹೊಳೆ ದಾಟುವುದೇ ಈ ಚಾರಣದ ನಿಜವಾದ ಪರೀಕ್ಷೆ. ಹಿಮನದಿಯ ಹೊಳೆಗಳಿಗೆ ಗಡಿಯಾರವಿದೆ: ರಾತ್ರಿ ಚಳಿಗೆ ಕರಗುವುದು ನಿಂತು ಬೆಳಗ್ಗೆ ನೀರು ಇಳಿದಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅದೇ ಹೊಳೆ ಉಕ್ಕುತ್ತದೆ. ಅದಕ್ಕೇ ಗೈಡುಗಳು ಬೆಳಗ್ಗೆ ಬೆಳಗ್ಗೆಯೇ ಬೂಟು ಬಿಚ್ಚಿಸಿ, ಕೈಕೈ ಹಿಡಿಸಿ ದಾಟಿಸುತ್ತಾರೆ. ಆಚೆ ದಡ ಸೇರಿದ ಮೇಲೆ ಪಾದಗಳು ತಮ್ಮವೇ ಎಂದು ಖಾತ್ರಿಯಾಗಲು ಐದು ನಿಮಿಷ ಬೇಕು. ಚತ್ರುವಿಗೆ ಇಳಿದು, ಅಲ್ಲಿಂದ ಜೀಪಿನಲ್ಲಿ ಸುಮಾರು 4,250 ಮೀಟರ್ ಎತ್ತರದ ಚಂದ್ರತಾಲ್ ಸರೋವರ ನೋಡಿ ಬರುವುದು ವಾಡಿಕೆ.

ಬಯಲುಸೀಮೆಯ ದೇಹಕ್ಕೆ ಎತ್ತರ ಹೊಸದು. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಮೊದಲ ಸೂಚನೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದು ಎಂಬುದು ಪರ್ವತಾರೋಹಣದ ಸಾಮಾನ್ಯ ಸೂತ್ರ. ಜಿಮ್ಮಿನಲ್ಲಿ ಪಳಗಿದ ಹುಡುಗ ಸುಸ್ತಾಗಿ ಕೂತಾಗ, ನಿಧಾನಕ್ಕೆ ನಡೆಯುವ ಅವನ ಚಿಕ್ಕಮ್ಮ ಪಾಸ್ ದಾಟುವುದು ಅಪರೂಪವಲ್ಲ. ಲಕ್ಷಣ ಜೋರಾದರೆ ಮದ್ದು ಒಂದೇ, ಕೆಳಗಿಳಿಯುವುದು.

ಈ ಬೆಟ್ಟಗಳನ್ನು ಆಟದ ಬಯಲಾಗಿ ಮೊದಲು ಕಂಡವರಲ್ಲಿ ಚಾರ್ಲ್ಸ್ ಬ್ರೂಸ್ ಒಬ್ಬ. ಮುಂದೆ 1922ರ ಎವರೆಸ್ಟ್ ತಂಡದ ನಾಯಕನಾದ ಈ ಸೇನಾಧಿಕಾರಿ 1912ರಲ್ಲಿ ಸ್ವಿಸ್ ಗೈಡ್ ಹೈನ್ರಿಶ್ ಫ್ಯೂರರ್‌ನನ್ನು ಕರೆದುಕೊಂಡು ಕುಲ್ಲುವಿಗೆ ಬಂದ. ಆ ಬೇಸಿಗೆಯಲ್ಲೇ ಫ್ಯೂರರ್ ಹನುಮಾನ್ ಟಿಬ್ಬಾ ಏರಿದ. 1961ರಲ್ಲಿ ಮನಾಲಿಯಲ್ಲಿ ಪರ್ವತಾರೋಹಣ ಸಂಸ್ಥೆ ಶುರುವಾದ ಮೇಲೆ ಆಟ ಊರಿನ ಮಕ್ಕಳ ಕೈಗೂ ಬಂತು. ಇಲ್ಲಿಯ ಡಿಕ್ಕಿ ಡೋಲ್ಮಾ 1993ರಲ್ಲಿ, 19ನೇ ವಯಸ್ಸಿಗೇ ಎವರೆಸ್ಟ್ ಏರಿದರು. ಈಗ ಅಟಲ್ ಬಿಹಾರಿ ವಾಜಪೇಯಿ ಹೆಸರು ಹೊತ್ತಿರುವ ಆ ಸಂಸ್ಥೆಯಲ್ಲಿ ಪರ್ವತಾರೋಹಣ, ಸ್ಕೀಯಿಂಗ್ ಕೋರ್ಸುಗಳಿಗೆ ಹೊರರಾಜ್ಯದವರೂ ಸೇರಬಹುದು. ಮೂರು ದಿನದ ಪ್ಯಾಕೇಜಿಗಿಂತ ಒಂದು ಕೋರ್ಸು ಹೆಚ್ಚು ಬಾಳುತ್ತದೆ.

ಹಾರಾಟದ ವಿಷಯ ಚಿಕ್ಕದಾಗಿ ಹೇಳಿದರೆ ಸಾಕು. ಸೋಲಂಗ್‌ನಲ್ಲಿ ಪ್ಯಾರಾಗ್ಲೈಡಿಂಗ್ ಎಂದರೆ ಇಳಿಜಾರಿನಿಂದ ಜಿಗಿದು ಕೆಲವೇ ನಿಮಿಷದಲ್ಲಿ ಬಯಲಿಗಿಳಿಯುವುದು. ಕುಲ್ಲು ಹತ್ತಿರದ ದೋಭಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಬಿಸಿಲಿಗೆ ಬೆಟ್ಟದ ಮೈ ಕಾದು ಗಾಳಿ ಮೇಲೇರತೊಡಗಿದಾಗ ರೆಕ್ಕೆ ಅದನ್ನು ಹಿಡಿದು ಏರುತ್ತದೆ. ನಿಜವಾದ ಹಾರಾಟಗಾರರು ಧೌಲಾಧಾರ್ ಸಾಲಿನ ಆಚೆ, ಕಾಂಗ್ಡಾ ಜಿಲ್ಲೆಯ ಬೀರ್–ಬಿಲ್ಲಿಂಗ್‌ಗೆ ಹೋಗುತ್ತಾರೆ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದದ್ದು ಅಲ್ಲಿ. ಎಲ್ಲೇ ಹಾರಿದರೂ ಪೈಲಟ್‌ನ ಲೈಸೆನ್ಸ್ ನೋಡಿ, ತೊಡೆಯ ಎರಡೂ ಪಟ್ಟಿ, ಎದೆಯ ಪಟ್ಟಿ ಬಿಗಿದಿದೆಯೇ ಎಂದು ಸ್ವಂತ ಕೈಯಿಂದ ಮುಟ್ಟಿ ನೋಡಬೇಕು. ಪಟ್ಟಿ ಬಿಗಿಯದ ಅಜಾಗರೂಕತೆಗೆ ಜೀವ ತೆತ್ತ ಪ್ರಕರಣ ಈ ಕಣಿವೆಯಲ್ಲೂ ನಡೆದಿದೆ.

ಗದ್ದಲ ಬೇಡವೆನ್ನುವವರಿಗೆ ತೀರ್ಥನ್ ಇದೆ. ಅದು ಕಣಿವೆಗಳಲ್ಲಿ ಮನೆಯ ಕಿರಿಮಗ. ಯಾರೂ ಹೆಚ್ಚು ಮಾತಾಡುವುದಿಲ್ಲ, ಆದರೆ ಎಲ್ಲರ ಅಕ್ಕರೆ ಅದರ ಮೇಲೆ. ಔಟ್ ಬಳಿ ಹೆದ್ದಾರಿ ಬಿಟ್ಟು ಬಂಜಾರ್, ಗುಶೈಣಿ ಕಡೆ ತಿರುಗಿದರೆ ಹೊಳೆಯ ಪಕ್ಕದಲ್ಲೇ ಮರ-ಕಲ್ಲಿನ ಮನೆಗಳು. ಸಿಮೆಂಟ್ ಇಲ್ಲದೆ ಒಂದು ವರಸೆ ದೇವದಾರು ತೊಲೆ, ಒಂದು ವರಸೆ ಕಲ್ಲು ಜೋಡಿಸುವ ಕಾಠ್‌ಕುಣಿ ಶೈಲಿ ಭೂಕಂಪಕ್ಕೂ ಬಗ್ಗಿ ಎದ್ದು ನಿಲ್ಲುತ್ತದೆ.

ಈ ಹೊಳೆಯ ಆಟ ಟ್ರೌಟ್ ಮೀನಿನದು. ಯುರೋಪಿನ ಕಂದು ಟ್ರೌಟನ್ನು ಬ್ರಿಟಿಷರು ಕುಲ್ಲುವಿನ ನೀರಿಗೆ ತಂದು ಬಿಟ್ಟದ್ದು 1909ರ ಸುಮಾರಿಗೆ. ತಣ್ಣಗಿನ, ಗಾಳಿ ಬೆರೆತ ನೀರು ಅದಕ್ಕೆ ಒಗ್ಗಿತು. ಟ್ರೌಟ್ ಯಾವಾಗಲೂ ಹರಿವಿಗೆ ಎದುರು ಮುಖ ಮಾಡಿ, ಕಲ್ಲಿನ ಮರೆಯ ನಿಧಾನ ನೀರಲ್ಲಿ ನಿಂತು ತೇಲಿ ಬರುವ ಹುಳಕ್ಕೆ ಕಾಯುತ್ತದೆ. ಆದ್ದರಿಂದ ಬಲ್ಲವರು ಕೆಳಗಡೆಯಿಂದ, ಅದರ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಬರುತ್ತಾರೆ. ಕೊಕ್ಕೆಗೆ ಹಕ್ಕಿಯ ಪುಕ್ಕ, ದಾರ ಸುತ್ತಿ ಮಾಡಿದ ಕೃತಕ ನೊಣ. ಅದು ನೀರ ಮೇಲೆ ನಿಜವಾದ ನೊಣದ ಹಾಗೇ ಕೂರಬೇಕು. ದಾರದ ನೆರಳು ಬಿದ್ದರೂ ಮೀನು ಮಾಯ. ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಮೊಟ್ಟೆಯಿಡುವ ಕಾಲವೆಂದು ಗಾಳ ನಿಷಿದ್ಧ. ಕಾವೇರಿಯ ಭೀಮೇಶ್ವರಿಯಲ್ಲಿ ಮಹಶೀರ್ ಹಿಡಿದು ಬಿಡುವ ಶಿಬಿರಗಳನ್ನು ಕಂಡ ಹಳಬರಿಗೆ, ಅಭಯಾರಣ್ಯದ ಕಾನೂನಿನಿಂದ ಅವು ನಿಂತುಹೋದ ಕೊರಗು ಇಲ್ಲಿ ಸ್ವಲ್ಪ ತೀರಬಹುದು.

ಇಲ್ಲಿ ಇನ್ನೂ ಮೀನು ಉಳಿದಿರುವುದಕ್ಕೆ ಕಾರಣವಿದೆ. ಪಕ್ಕದ ಸೈಂಜ್, ಪಾರ್ವತಿಗಳಲ್ಲಿ ಜಲವಿದ್ಯುತ್ ಯೋಜನೆಗಳು ನದಿಯನ್ನು ಸುರಂಗಕ್ಕೆ ಹಾಕಿದಾಗ, ತೀರ್ಥನ್ ಜನ ಒಪ್ಪಲಿಲ್ಲ. ಬಂಜಾರ್‌ನ ಮಾಜಿ ಶಾಸಕ ದಿಲೇರಾಮ್ ಶಬಾಬ್ ಮುಂದೆ ನಿಂತರು, ವಿಷಯ ಹೈಕೋರ್ಟ್ ತನಕ ಹೋಯಿತು, ಕಣಿವೆಯ ಯೋಜನೆಗಳನ್ನು ಕೈಬಿಡಲಾಯಿತು. ಅಣೆಕಟ್ಟೆಯಿಲ್ಲದ ಹೊಳೆಯೇ ಈಗ ಅಲ್ಲಿಯ ಹೋಮ್‌ಸ್ಟೇಗಳ ಬಂಡವಾಳ.

ಗುಶೈಣಿಯಿಂದ ಮೇಲೆ ನಡೆದರೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ, 754 ಚದರ ಕಿಲೋಮೀಟರ್. 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಒಳಗೆ ವಾಹನದ ರಸ್ತೆಯಿಲ್ಲ, ಸಫಾರಿ ಜೀಪಿಲ್ಲ. ಅನುಮತಿ ಪಡೆದು ಕಾಲಲ್ಲೇ ಹೋಗಬೇಕು. ನಾಗರಹೊಳೆಯ ಜೀಪಿನಲ್ಲಿ ಕೂತು ಹುಲಿ ಕಾಯುವವರಿಗೆ ಇದು ಬೇರೆಯೇ ಶಿಸ್ತು. ಇಲ್ಲಿಯ ರಾಜ ಒಂದು ಹಕ್ಕಿ: ಕೆಂಪು ಕತ್ತು, ಕಪ್ಪು ಮೈಮೇಲೆ ಬಿಳಿ ಚುಕ್ಕಿಯ ಪಶ್ಚಿಮದ ಟ್ರಾಗೋಪಾನ್. ಊರವರ ಬಾಯಲ್ಲಿ ಜುಜುರಾಣಾ. ಹಿಮಾಚಲದ ರಾಜ್ಯಪಕ್ಷಿ. ಅದು ಕಂಡೀತೆಂದು ಯಾವ ಗೈಡೂ ಮಾತು ಕೊಡುವುದಿಲ್ಲ. ನಡೆಯಲು ಮನಸ್ಸಿದ್ದು ಸಮಯ ಕಡಿಮೆ ಇರುವವರು 3,120 ಮೀಟರ್ ಎತ್ತರದ ಜಲೋರಿ ಪಾಸಿಗೆ ಬಸ್ಸಿನಲ್ಲಿ ಹೋಗಿ, ಓಕ್ ಕಾಡಿನೊಳಗೆ ಐದು ಕಿಲೋಮೀಟರ್ ನಡೆದು ಸೇರೋಲ್ಸರ್ ಕೆರೆ ನೋಡಬಹುದು. ಮರಳಿ ಬಂದ ಮೇಲೆ ಢಾಬಾದಲ್ಲಿ ಬಿಸಿ ಸಿಡ್ಡು: ಹುಳಿ ಬಂದ ಗೋಧಿ ಹಿಟ್ಟಿನೊಳಗೆ ಗಸಗಸೆಯೋ ಅಕ್ರೋಟೋ ತುಂಬಿ ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದದ್ದು. ಕಡುಬು ತಿಂದು ಬೆಳೆದವರಿಗೆ ವಿವರಿಸಬೇಕಿಲ್ಲ.

ಚಳಿಗಾಲ ಹಿಮದ್ದು. ಜನವರಿಯಿಂದ ಮಾರ್ಚ್‌ವರೆಗೆ ಸೋಲಂಗ್‌ನ ಇಳಿಜಾರಿನಲ್ಲಿ ಸ್ಕೀ. ಪಕ್ಕದ ಬುರುವಾ ಹಳ್ಳಿಯ ಆಂಚಲ್ ಠಾಕೂರ್ 2018ರ ಜನವರಿಯಲ್ಲಿ ಟರ್ಕಿಯಲ್ಲಿ ಕಂಚು ಗೆದ್ದಾಗ ಅದು ಸ್ಕೀಯಿಂಗಿನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಅಂತರರಾಷ್ಟ್ರೀಯ ಪದಕ. ವಸಿಷ್ಠ ಗ್ರಾಮದಲ್ಲಿ ಬೆಳೆದ ಶಿವ ಕೇಶವನ್ ಮಂಜುಗಡ್ಡೆಯ ಓಣಿಯಲ್ಲಿ ಹಲಗೆಯ ಮೇಲೆ ಮಲಗಿ ಜಾರುವ ಲೂಜ್ ಆಟದಲ್ಲಿ ಆರು ಚಳಿಗಾಲದ ಒಲಿಂಪಿಕ್ಸ್ ಆಡಿದವರು. ಅಂಥ ಓಣಿ ದೇಶದಲ್ಲಿಲ್ಲವೆಂದು ಹಲಗೆಗೆ ಚಕ್ರ ಹಾಕಿ, ಟ್ರಕ್ಕು ಕುರಿಗಳ ನಡುವೆ ಗುಡ್ಡದ ಡಾಂಬರು ರಸ್ತೆಯಲ್ಲಿ ಜಾರಿ ಅಭ್ಯಾಸ ಮಾಡಿದರು. ಹಿಂದೆ ರೋಹ್ತಾಂಗ್ ಮುಚ್ಚಿದರೆ ಲಾಹೌಲ್ ಅರ್ಧ ವರ್ಷ ಜಗತ್ತಿನಿಂದ ದೂರವಾಗುತ್ತಿತ್ತು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಹಿಮ ನೋಡುವ ಜಾತ್ರೆ ಲಾಹೌಲ್‌ನ ಸಿಸ್ಸು ತನಕ ಹಬ್ಬಿದೆ. ಕೆಳಗಿನ ರಸ್ತೆಯ ಸಾಲುಗಟ್ಟಿದ ಕಾರುಗಳನ್ನು ನೋಡಿದರೆ ಅದನ್ನು ಪ್ರಗತಿ ಎನ್ನಲು ನಾಲಿಗೆ ತಡೆಯುತ್ತದೆ. ಆಸ್ಪತ್ರೆಗೆ ಹೋಗಲಾಗದೆ ಒದ್ದಾಡುತ್ತಿದ್ದ ಲಾಹೌಲಿಗರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ.

ಮೈಯಲ್ಲಿ ಕಸುವಿಲ್ಲದವರಿಗೂ ಒಂದು ನಡಿಗೆಯಿದೆ, ನಗ್ಗರ್‌ನಲ್ಲಿ. ಹಳೆಯ ಅರಮನೆಯಿಂದ ದೇವದಾರುಗಳ ನಡುವೆ ಏರುವ ದಾರಿ ರಷ್ಯನ್ ಚಿತ್ರಕಾರ ನಿಕೊಲಸ್ ರೋರಿಕ್ ಮನೆಗೆ ತಲುಪುತ್ತದೆ. ಅವರು 1928ರಲ್ಲಿ ಇಲ್ಲಿ ನೆಲೆಸಿ, 1947ರಲ್ಲಿ ಇಲ್ಲೇ ತೀರಿಕೊಂಡರು. ಮಗ ಸ್ವೆತೊಸ್ಲಾವ್, ಸೊಸೆ ದೇವಿಕಾ ರಾಣಿ ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿಗೆ ಬಂದು ಬಾಳಿದರು. ತಾತಗುಣಿ ಗೊತ್ತಿರುವ ಕನ್ನಡಿಗರು ನಗ್ಗರ್‌ನ ಆ ವರಾಂಡದಲ್ಲಿ ನಿಂತರೆ, ಈ ಕುಟುಂಬ ಎಂಥ ನೋಟ ಬಿಟ್ಟು ಬಯಲಿಗೆ ಬಂತು ಎಂದು ಅಚ್ಚರಿಪಡುತ್ತಾರೆ.

ಹಾಗಾದರೆ ಯಾವಾಗ ಹೋಗಬೇಕು? ಒಂದೇ ಅವಕಾಶವಿದ್ದರೆ ಅಕ್ಟೋಬರ್. ಮಳೆ ತೊಳೆದ ಆಕಾಶದಲ್ಲಿ ಶಿಖರಗಳು ಕಾಣುತ್ತವೆ, ನದಿಯ ಬಾಗಿಲು ಮತ್ತೆ ತೆರೆದಿರುತ್ತದೆ, ಗಾಳಕ್ಕೆ ಕೊನೆಯ ವಾರಗಳು. ಕರ್ನಾಟಕದ ಶಾಲೆಗಳ ದಸರಾ ರಜೆಯೂ ಹೊಂದುತ್ತದೆ. ಮೈಸೂರಿನಲ್ಲಿ ಜಂಬೂಸವಾರಿ ಹೊರಟು ದಸರಾ ಮುಗಿಯುವ ವಿಜಯದಶಮಿಯಂದೇ ಕುಲ್ಲುವಿನ ಧಾಲ್ಪುರ್ ಮೈದಾನದಲ್ಲಿ ರಘುನಾಥನ ರಥ ಎಳೆದು ದಸರಾ ಶುರು ಮಾಡುತ್ತಾರೆ, ಏಳು ದಿನ. ಸುತ್ತಲ ಹಳ್ಳಿಗಳ ದೇವತೆಗಳು ಪಲ್ಲಕ್ಕಿಯಲ್ಲಿ ಬರುತ್ತಾರೆ. ಆನಿ, ನಿರ್ಮಂಡ್ ಕಡೆಯ ದೇವರುಗಳನ್ನು ಹೊತ್ತವರು ಜಲೋರಿ ಪಾಸ್ ದಾಟಿ, ದಿನಗಟ್ಟಲೆ ನಡೆದೇ ಬರುತ್ತಾರೆ, ಮರಳಿ ನಡೆದೇ ಹೋಗುತ್ತಾರೆ. ಆ ವಾರ ಕುಲ್ಲು ಪೇಟೆಯಲ್ಲಿ ಕೋಣೆ ಸಿಗುವುದು ಕಷ್ಟ. ನಗ್ಗರ್‌ನಲ್ಲೋ ಭುಂತರ್‌ನಲ್ಲೋ ಮೊದಲೇ ಕಾದಿರಿಸಿ, ಮೈದಾನಕ್ಕೆ ಲೋಕಲ್ ಬಸ್ಸಿನಲ್ಲಿ ಹೋಗುವುದು ವಾಸಿ.